ಸಾಂತಾ ಮೋನಿಕಾದ ಒಳಾಂಗಣದಲ್ಲಿ ಅಲ್ಲಿ ಬದುಕಿದ ಹೆಂಗಸರಿಗೂ ಜಾಗವಿರಲಿ: ಒಂದು ಬಹಿರಂಗ ಪತ್ರ

ಗೋವಾ ಮತ್ತು ದಮನ್ ಮಹಾಧರ್ಮಪ್ರಾಂತ್ಯದ ಆಡಳಿತಕ್ಕೆ,
ಹಳೇ ಗೋವಾದ ಕ್ರೈಸ್ತ ಕಲಾ ವಸ್ತುಸಂಗ್ರಹಾಲಯದ ವ್ಯವಸ್ಥಾಪಕರಿಗೆ,
ಗೋವಾ ಸರ್ಕಾರದ ಪುರಾತತ್ವ ಇಲಾಖೆಗೆ,

ಮಾನ್ಯರೆ,

ಹಳೇ ಗೋವಾದ ಮೊಂತೆ ಸಾಂತೊ ಗುಡ್ಡದ ಮೇಲಿರುವ ಸಾಂತಾ ಮೋನಿಕಾ ಮಠದ ವಿಚಾರವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಕನ್ಯಾಸ್ತ್ರೀಯರ ಏಕಾಂತಕ್ಕೆಂದೇ ಕಟ್ಟಿದ, ಹೊರಗಿನವರು ಅಪ್ಪಣೆಯಿಲ್ಲದೆ ಹೊಸ್ತಿಲು ದಾಟುವಂತಿಲ್ಲದಿದ್ದ ಆ ಕಟ್ಟಡದ ಒಂದು ಪಾಲು ಇಂದು ವಸ್ತುಸಂಗ್ರಹಾಲಯವಾಗಿ ಎಲ್ಲರಿಗೂ ತೆರೆದಿದೆ. ಅದು ತುಂಬ ಒಳ್ಳೆಯ ಕೆಲಸವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಕೋರಿಕೆ ಆ ಕೆಲಸದ ಮುಂದುವರಿಕೆಯ ಕುರಿತದ್ದು. ಕಟ್ಟಡಕ್ಕೆ ಹೊಸ ಬಳಕೆ ಒದಗಿರುವ ಈ ಹೊತ್ತಿನಲ್ಲಿ ಅದರ ಹಳೆಯ ಬಳಕೆಯ ನೆನಪು, ಅಂದರೆ ಸುಮಾರು 280 ವರ್ಷಗಳ ಕಾಲ ಅಲ್ಲಿ ಪ್ರಾರ್ಥಿಸಿ, ದುಡಿದು, ಅಲ್ಲಿಯೇ ಮಣ್ಣಾದ ಹೆಂಗಸರ ನೆನಪು, ಆ ಗೋಡೆಗಳ ನಡುವೆಯೇ ಸ್ಪಷ್ಟವಾಗಿ, ಗೌರವದಿಂದ ನೆಲೆಗೊಳ್ಳಬೇಕು ಎಂಬುದು ಆ ಕೋರಿಕೆ.

ನಾನು ಮಂಗಳೂರು ಸೀಮೆಯವಳು. ಮನೆಯಲ್ಲಿ ಕೊಂಕಣಿಯನ್ನಾಡಿ, ಶಾಲೆಯಲ್ಲಿ ಕನ್ನಡ ಕಲಿತು, ಎರಡನ್ನೂ ಕನ್ನಡ ಲಿಪಿಯಲ್ಲಿಯೇ ಬರೆಯುವ ಸಮುದಾಯಕ್ಕೆ ಸೇರಿದವಳು. ನಮ್ಮ ಹಿರಿಯರು 16ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಅಲೆಅಲೆಯಾಗಿ ಗೋವಾವನ್ನು ಬಿಟ್ಟು, ಬರ, ರೋಗ, ತೆರಿಗೆ, ಯುದ್ಧ ಮತ್ತು ಧರ್ಮವಿಚಾರಣೆಯ (ಇನ್‌ಕ್ವಿಸಿಷನ್) ಭಯದಿಂದ ಪಾರಾಗಿ, ತೆಂಕಣ ಕರಾವಳಿಗೆ ಬಂದು ನೆಲೆಸಿದವರು. ಕೆಳದಿಯ ಅರಸರು ಅವರಿಗೆ ಉಳುವ ನೆಲ ಕೊಟ್ಟರು. ಹೀಗಾಗಿ ಹಳೇ ಗೋವಾದ ಇಗರ್ಜಿಗಳು ನಮಗೆ ಪ್ರವಾಸದ ತಾಣಗಳಾಗಿ ಮಾತ್ರ ಕಾಣುವುದಿಲ್ಲ. ಅಲ್ಲಿನ ಕಟ್ಟಡವೊಂದರ ಹೆಸರಿನಲ್ಲಿ ಏನು ಉಳಿಯುತ್ತದೆ, ಏನು ಮರೆಯಾಗುತ್ತದೆ ಎಂಬುದು ನಮಗೂ ತಟ್ಟುವ ವಿಷಯ.

ಸಾಂತಾ ಮೋನಿಕಾ ಹುಟ್ಟಿದ್ದು 1606ರಲ್ಲಿ. ಅಂದಿನ ಗೋವಾದ ಆರ್ಚ್‌ಬಿಷಪ್ ಅಲೆಯ್ಶೊ ದ ಮೆನೆಜಿಸ್ ಸ್ವತಃ ಸಂತ ಅಗಸ್ಟೀನರ ನಿಯಮವನ್ನು ಪಾಲಿಸುವ ಅಗಸ್ಟೀನ್ ಸನ್ಯಾಸಿ ಸಂಘದವರಾಗಿದ್ದು, ಪೂರ್ವದ ಪೋರ್ಚುಗೀಸ್ ನೆಲೆಗಳಲ್ಲಿ ಹೆಂಗಸರಿಗೆಂದು ಮೊದಲ ಮಠವನ್ನು ಇಲ್ಲಿ ಸ್ಥಾಪಿಸಿದರು. ಕಟ್ಟಡ ಮುಗಿಯುವ ಹೊತ್ತಿಗೆ 1627 ಆಗಿತ್ತು. 1636ರಲ್ಲಿ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಮರುವರ್ಷವೇ ಮತ್ತೆ ಕಟ್ಟಲಾಯಿತು. ಮುಂದೆ ಅರಸನ ಪೋಷಣೆಯೂ ದೊರೆತು ಅದು ರಾಜಮಠವೆನಿಸಿಕೊಂಡಿತು. ಮೂರು ಅಂತಸ್ತು, ಮುರಕಲ್ಲಿನ (ಜಂಬಿಟ್ಟಿಗೆ) ದಪ್ಪ ಗೋಡೆ, ಆ ಗೋಡೆಗಳು ಹೊರಕ್ಕೆ ಬಾಗದಂತೆ ಒರಗಿಸಿ ಕಟ್ಟಿದ ಭಾರಿ ಆನಿಕೆಗಳು, ನಡುವೆ ನಾಲ್ಕೂ ಕಡೆ ಕಮಾನಿನ ಪಡಸಾಲೆಗಳಿಂದ ಸುತ್ತುವರಿದ ಚೌಕದ ಅಂಗಳ. ನಮ್ಮ ಕಡೆಯ ತೊಟ್ಟಿಮನೆಯನ್ನು ಬಲ್ಲವರಿಗೆ ಆ ಒಳಾಂಗಣದ ವಿನ್ಯಾಸ ಸುಲಭವಾಗಿ ಅರ್ಥವಾಗುತ್ತದೆ: ಗಾಳಿ, ಬೆಳಕು, ಮಳೆ ಎಲ್ಲವೂ ಮೇಲಿನಿಂದ ಒಳಗಿಳಿಯುತ್ತವೆ, ಬೀದಿಯ ಕಣ್ಣು ಮಾತ್ರ ಒಳಗೆ ಬೀಳುವುದಿಲ್ಲ.

ಈ ಮಠ ಇಂದು ನಿಂತಿರುವುದಕ್ಕೆ ಅದರ ಗೋಡೆಗಳ ದಪ್ಪವೊಂದೇ ಕಾರಣವೆಂದು ನಾನು ನಂಬುವುದಿಲ್ಲ. ರಸ್ತೆಯ ಆಚೆ ಬದಿಯಲ್ಲಿ ನಿಂತಿರುವ ಸಂತ ಅಗಸ್ಟೀನರ ಗೋಪುರವನ್ನು ನೋಡಿದರೆ ಇದು ಗೊತ್ತಾಗುತ್ತದೆ. ಎರಡೂ ಒಂದೇ ಸಂಘದ ಕಟ್ಟಡಗಳು. ಒಂದು ಪುರುಷರದ್ದು, ಇನ್ನೊಂದು ಮಹಿಳೆಯರದ್ದು. ಒಂದೇ ಗುಡ್ಡ, ಒಂದೇ ಬಗೆಯ ಕಲ್ಲು, ಒಂದೇ ಮಳೆ. ಪೋರ್ಚುಗಲ್ಲಿನ ಸರ್ಕಾರ 1834ರಲ್ಲಿ ಧಾರ್ಮಿಕ ಸಂಘಗಳನ್ನು ರದ್ದುಪಡಿಸಿದಾಗ ಪುರುಷರ ಮಠಗಳು ಕೂಡಲೇ ಮುಚ್ಚಿದವು, ಗೋವಾದಲ್ಲಿ ಆ ಆಜ್ಞೆ 1835ರಲ್ಲಿ ಜಾರಿಗೆ ಬಂತು. ಯಾರೂ ನೋಡಿಕೊಳ್ಳುವವರಿಲ್ಲದ ಅಗಸ್ಟೀನರ ಚರ್ಚಿನ ಕಮಾನು ಛಾವಣಿ 1842ರಲ್ಲಿ ಕುಸಿಯಿತು, ಅದರ ದೊಡ್ಡ ಗಂಟೆ 1871ರಲ್ಲಿ ಪಣಜಿಯ ಚರ್ಚಿಗೆ ಹೋಯಿತು, ಮುಂಭಾಗ ಮತ್ತು ಗೋಪುರದ ಅರ್ಧ 1931ರಲ್ಲಿ ಬಿತ್ತು. ಈಗ ಉಳಿದಿರುವುದು ಸುಮಾರು 46 ಮೀಟರ್ ಎತ್ತರದ ಒಂದೇ ಒಂದು ಗೋಪುರದ ಸೀಳು. ಹೆಂಗಸರ ಮಠಗಳಿಗಾದರೋ ಕಾನೂನು ಬೇರೆಯಾಗಿತ್ತು: ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ, ಇದ್ದವರು ಇರುವ ತನಕ ಇರಬಹುದು, ಕೊನೆಯವಳು ತೀರಿಕೊಂಡ ದಿನ ಮಠ ಮುಚ್ಚತಕ್ಕದ್ದು. ಸಾಂತಾ ಮೋನಿಕಾದ ಕೊನೆಯ ಕನ್ಯಾಸ್ತ್ರೀ ತೀರಿಕೊಂಡದ್ದು 1885ರಲ್ಲಿ.

ಈ ಅರ್ಧ ಶತಮಾನವನ್ನು ಒಮ್ಮೆ ಎಣಿಸಿ ನೋಡಬೇಕೆಂದು ವಿನಂತಿಸುತ್ತೇನೆ. ರಾಜಧಾನಿಯೇ ಹಳೇ ಗೋವಾದಿಂದ ಎದ್ದು ಪಣಜಿಗೆ ಹೋಗಿತ್ತು. ಮಲೇರಿಯಾ, ಕಾಲರಾಗಳಿಂದ ಊರು ಬರಿದಾಗಿತ್ತು. ಬಿದ್ದ ಮನೆಗಳ, ಕೆಡವಿದ ಮಠಗಳ ಕಲ್ಲುಗಳು ಹೊಸ ಪಟ್ಟಣವನ್ನು ಕಟ್ಟಲು ಸಾಗುತ್ತಿದ್ದವು. ಅಂಥ ನಿರ್ಜನ ಗುಡ್ಡದ ಮೇಲೆ, ವರ್ಷದಿಂದ ವರ್ಷಕ್ಕೆ ಸಂಖ್ಯೆ ಕರಗುತ್ತಿದ್ದ ಮುದುಕಿಯರ ಒಂದು ಗುಂಪು, ತಮ್ಮ ನಂತರ ಇಲ್ಲಿಗೆ ಯಾರೂ ಬರುವುದಿಲ್ಲವೆಂದು ಚೆನ್ನಾಗಿ ಬಲ್ಲವರು, ಆ ಕಟ್ಟಡದೊಳಗೆ ಬಾಳಿದರು. ಅವರು ಅಲ್ಲಿದ್ದರೆಂಬ ಕಾರಣಕ್ಕೆ ಹಂಚು ಜಾರಿದಾಗ ಅದನ್ನು ಸರಿಪಡಿಸಬೇಕಾಯಿತು, ಬಾಗಿಲುಗಳು ಬಾಗಿಲುಗಳಾಗಿ ಉಳಿದವು. ನಿಮ್ಮ ವಸ್ತುಸಂಗ್ರಹಾಲಯಕ್ಕೆ ಸೂರು ಉಳಿಸಿಕೊಟ್ಟವರು ಅವರೇ ಎಂದು ನಾನು ನಂಬಿದ್ದೇನೆ. ಅವರ ಬಗ್ಗೆ ಆ ಸೂರಿನ ಅಡಿಯಲ್ಲಿ ಒಂದು ಇಡೀ ಕೋಣೆಯಾದರೂ ಮಾತಾಡಬೇಕು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಕಟ್ಟಡ ಕೆಲಕಾಲ ಸೈನಿಕರ ವಾಸಕ್ಕೂ ಬಳಕೆಯಾಯಿತು. 1960ರ ದಶಕದಲ್ಲಿ ಭಗಿನಿಯರ ಧಾರ್ಮಿಕ ಶಿಕ್ಷಣಕ್ಕಾಗಿ ಮಾತೆರ್ ದೇಯಿ ಸಂಸ್ಥೆ ಅಲ್ಲಿ ನೆಲೆಯಾಯಿತು. ಹೆಂಗಸರ ಮನೆ ಮತ್ತೆ ಹೆಂಗಸರ ಮನೆಯಾಯಿತು. 1994ರಲ್ಲಿ ಗೋವಾದ ರಾಶೋಲ್ ಸೆಮಿನರಿಯಲ್ಲಿ, ಪರಂಪರೆಯ ರಕ್ಷಣೆಗಿರುವ ಇಂಟ್ಯಾಕ್ ಸಂಸ್ಥೆ ಮತ್ತು ಲಿಸ್ಬನ್ನಿನ ಕಲೂಸ್ತ್ ಗುಲ್ಬೆಂಕಿಯನ್ ಪ್ರತಿಷ್ಠಾನದ ನೆರವಿನಿಂದ ಆರಂಭವಾಗಿದ್ದ ಕ್ರೈಸ್ತ ಕಲಾ ವಸ್ತುಸಂಗ್ರಹಾಲಯ 2002ರಲ್ಲಿ ಸಾಂತಾ ಮೋನಿಕಾದ ಚರ್ಚಿನ ಭಾಗಕ್ಕೆ ಬಂದು, ದೀರ್ಘ ದುರಸ್ತಿಯ ಬಳಿಕ 2022ರಲ್ಲಿ ಹೊಸ ರೂಪದಲ್ಲಿ ತೆರೆಯಿತು.

ಅಲ್ಲಿನ ಸಂಗ್ರಹದ ಕುರಿತು ನನಗೆ ಅಪಾರ ಗೌರವವಿದೆ. ಗೋವಾದ ಅಕ್ಕಸಾಲಿಗರು, ಮರಗೆಲಸದವರು, ದಂತದ ಕೆತ್ತನೆಗಾರರು ಯೂರೋಪಿನ ಮಾದರಿಗಳನ್ನು ಮುಂದಿಟ್ಟುಕೊಂಡು, ಕೈ ಮಾತ್ರ ತಮ್ಮದೇ ಪರಂಪರೆಯಲ್ಲಿ ಪಳಗಿದ್ದರಿಂದ, ಎರಡೂ ಕಡೆಗೆ ಸಲ್ಲುವ ಒಂದು ಹೊಸ ಬಗೆಯ ಕಲೆಯನ್ನೇ ಮಾಡಿದರು. ಮರಿಗಳಿಗೆ ತನ್ನ ಎದೆಯ ರಕ್ತವನ್ನು ಉಣಿಸುವ ಪೆಲಿಕನ್ ಹಕ್ಕಿಯನ್ನು ಹೊತ್ತ ಆ ಬೆಳ್ಳಿಯ ಪರಮಪ್ರಸಾದ ಪೀಠ ಇದಕ್ಕೆ ದೊಡ್ಡ ಸಾಕ್ಷಿ; ಆ ಹಕ್ಕಿಯನ್ನು ನೋಡಿದ ನಮ್ಮವರಿಗೆ ದೇವಸ್ಥಾನದ ಹಂಸ ನೆನಪಾಗದೆ ಇರದು. 2012ರಲ್ಲಿ ಈ ಸಂಗ್ರಹಾಲಯಕ್ಕೆ ಕಳ್ಳರು ನುಗ್ಗಿದಾಗ ಕಾವಲಿನವನೊಬ್ಬ ಪ್ರಾಣವನ್ನೇ ತೆತ್ತ. ಇಂಥ ವಸ್ತುಗಳನ್ನು ಸಾರ್ವಜನಿಕರ ಮುಂದಿಡುವುದು ಎಂಥ ಜವಾಬ್ದಾರಿಯೆಂಬುದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಆದರೆ ಈ ವಸ್ತುಗಳಲ್ಲಿ ಬಹುಪಾಲು ಬೇರೆಬೇರೆ ಇಗರ್ಜಿಗಳಿಂದ, ಮನೆಗಳಿಂದ ಬಂದವು. ಅವು ಈ ಕಟ್ಟಡಕ್ಕೆ ಅತಿಥಿಗಳು. ಕಟ್ಟಡದ ಸ್ವಂತ ಕಥೆ ಬೇರೆ, ಮತ್ತು ಅದು ಯಾವ ಗಾಜಿನ ಪೆಟ್ಟಿಗೆಯೊಳಗೂ ಹಿಡಿಸುವಂಥದ್ದಲ್ಲ. ಸಂಗ್ರಹಾಲಯಗಳಾದ ಮಠಗಳಿಗೆ ಈ ಅಪಾಯ ಎಲ್ಲೆಡೆಯೂ ಇದೆ. ಹತ್ತಿರದ ಉದಾಹರಣೆಯೆಂದರೆ ಹಳೇ ಗೋವಾದಲ್ಲಿಯೇ ಇರುವ, ಅಸಿಸಿಯ ಸಂತ ಫ್ರಾನ್ಸಿಸರ ಚರ್ಚಿಗೆ ಹೊಂದಿಕೊಂಡ ಮಠ. ಭಾರತೀಯ ಪುರಾತತ್ವ ಇಲಾಖೆ 1964ರಲ್ಲಿ ಅಲ್ಲಿ ಸಂಗ್ರಹಾಲಯವನ್ನು ಆರಂಭಿಸಿತು. ವೈಸರಾಯ್‌ಗಳ ಚಿತ್ರಪಟಗಳ ಸಾಲು, ಅಲ್ಬುಕರ್ಕ್‌ನ ಕಂಚಿನ ಪ್ರತಿಮೆ, ಗೋವಾ ಕದಂಬರ ಕಾಲದ ವೀರಗಲ್ಲುಗಳು ಎಲ್ಲವೂ ಒಂದೇ ಸೂರಿನಡಿ ಇವೆ. ಕನ್ನಡಿಗರಾದ ನಾವು ಆ ವೀರಗಲ್ಲುಗಳ ಮುಂದೆ ಸಹಜವಾಗಿಯೇ ಹೆಚ್ಚು ಹೊತ್ತು ನಿಲ್ಲುತ್ತೇವೆ. ಆ ಸಂಗ್ರಹ ಬೆಲೆಯುಳ್ಳದ್ದೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವಸ್ತುಗಳು ಇಷ್ಟು ಬಲವಾಗಿ ಕಣ್ಣು ಸೆಳೆಯುವಲ್ಲಿ, ಆ ಪಡಸಾಲೆಗಳಲ್ಲಿ ಶತಮಾನಗಳ ಕಾಲ ನಡೆದಾಡಿದ ಫ್ರಾನ್ಸಿಸ್ಕನ್ನರು ಹಿನ್ನೆಲೆಗೆ ಸರಿದುಬಿಡುತ್ತಾರೆ. ಸಾಂತಾ ಮೋನಿಕಾದಲ್ಲಿ ಹಾಗಾಗದಿರಲಿ ಎಂಬುದೇ ನನ್ನ ಆತಂಕದ ಮೂಲ.

ಹಾಗಾದರೆ ಹೇಳಬೇಕಾದ ಕಥೆ ಯಾವುದು? ಅದು ಬರಿಯ ಭಕ್ತಿಯ ಕಥೆಯಲ್ಲವೆಂಬುದನ್ನು ನಾವು ಧೈರ್ಯದಿಂದ ಒಪ್ಪಿಕೊಳ್ಳಬೇಕು. ಮಠಕ್ಕೆ ನೂರು ಕನ್ಯಾಸ್ತ್ರೀಯರ ಮಿತಿಯನ್ನು ಹಾಕಲಾಗಿತ್ತು. ಸೇರುವವರು ಕೈಯಲ್ಲಿ ಹಣ ತರಬೇಕಿತ್ತು. ಸೇರಿದವರಲ್ಲಿ ಹೆಚ್ಚಿನವರು ಪೋರ್ಚುಗೀಸರ ಹೆಣ್ಣುಮಕ್ಕಳು, ವಿಧವೆಯರು. ಕಪ್ಪು ಮುಸುಕಿನವರು ಪೂರ್ಣ ವ್ರತ ಹೊತ್ತು ಗಾಯನಪೀಠದಲ್ಲಿ ಪ್ರಾರ್ಥನೆ ಹಾಡುತ್ತಿದ್ದರು, ಬಿಳಿ ಮುಸುಕಿನವರ ಪಾಲಿಗೆ ಮನೆಗೆಲಸವೇ ಹೆಚ್ಚು. ಈ ನೆಲದ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಾಗಲೂ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಈ ಎರಡನೆಯ ದರ್ಜೆಯೇ. ಅವರಿಗೂ ಕೆಳಗೆ ಆಳುಗಳು, ದುಡ್ಡು ಕೊಟ್ಟು ತಂದ ಗುಲಾಮ ಹೆಂಗಸರು ಇದ್ದರು. ಒಂದೇ ಅಂಗಳದ ಸುತ್ತ, ಒಂದೇ ಗಂಟೆಯ ಸದ್ದಿಗೆ ಏಳುತ್ತಿದ್ದ ಇವರ ಬದುಕುಗಳು ಒಂದೇ ಆಗಿರಲಿಲ್ಲ. ಜಾತಿ, ಬಣ್ಣ, ಹಣ ಇವು ದೇವರ ಮನೆಯೊಳಗೂ ಹೇಗೆ ಮೆಟ್ಟಿಲು ಕಟ್ಟಿದವು ಎಂಬುದನ್ನು ಅರಿಯಲು ಇದಕ್ಕಿಂತ ನೇರವಾದ ಜಾಗ ಗೋವಾದಲ್ಲಿ ಇನ್ನೊಂದಿರಲಾರದು.

ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ. 17ನೆಯ ಶತಮಾನದಲ್ಲಿ ಗೋವಾದ ನಗರಸಭೆ ಈ ಮಠದ ವಿರುದ್ಧ ಅರಸನಿಗೆ ದೂರಿನ ಮೇಲೆ ದೂರು ಬರೆಯಿತು. ಹಣವಂತ ವಿಧವೆಯರೂ ಶ್ರೀಮಂತರ ಹೆಣ್ಣುಮಕ್ಕಳೂ ಆಸ್ತಿಯ ಸಮೇತ ಒಳಗೆ ಹೋಗಿಬಿಡುತ್ತಾರೆ, ಊರಿನ ಗಂಡಸರಿಗೆ ಮದುವೆಯಾಗಲು ತಕ್ಕ ಹೆಣ್ಣುಗಳೂ ಉಳಿಯುವುದಿಲ್ಲ, ಸಂಪತ್ತೂ ಉಳಿಯುವುದಿಲ್ಲ ಎಂಬುದು ಆ ದೂರಿನ ಸಾರ. ಹೆಂಗಸರ ಸಂಸ್ಥೆಯೊಂದು ಊರಿನ ದೊಡ್ಡ ಮನುಷ್ಯರಿಗೆ ತಲೆನೋವಾಗುವಷ್ಟು ಆಸ್ತಿಯನ್ನೂ ಧೈರ್ಯವನ್ನೂ ಹೊಂದಿತ್ತು. ಮಠಕ್ಕೆ ಸೇರಿದವರಲ್ಲಿ ಬಲವಂತಕ್ಕೆ ಸೇರಿದವರಿದ್ದಿರಬಹುದು, ಬೇಡವಾದ ಮದುವೆಯಿಂದ ತಪ್ಪಿಸಿಕೊಂಡವರಿದ್ದಿರಬಹುದು, ದೇವರನ್ನೇ ಅರಸಿ ಬಂದವರೂ ಇದ್ದಿರಬಹುದು. ಆ ಗೋಡೆ ಒಬ್ಬಳಿಗೆ ಸೆರೆಯಾಗಿ, ಇನ್ನೊಬ್ಬಳಿಗೆ ಆಸರೆಯಾಗಿ ಕಂಡಿರಲು ಸಾಧ್ಯವಿದೆ; ಈ ಎರಡನ್ನೂ ನೋಡುಗರ ಮುಂದೆ ಇಡಬೇಕು, ಒಂದನ್ನು ಮುಚ್ಚಿಟ್ಟು ಇನ್ನೊಂದನ್ನು ಅಲಂಕರಿಸಬಾರದು.

ಬರೆಯಲು ಸಾಮಗ್ರಿಯ ಕೊರತೆಯಿಲ್ಲ. 1595ರಲ್ಲಿಯೇ ಆರಂಭವಾಗಿ, ಚರಿತ್ರೆಕಾರ ದಿಯೊಗು ದು ಕೌತು ಅವರನ್ನು ಮೊದಲ ಪಾಲಕರಾಗಿ ಪಡೆದ ಗೋವಾದ ಪತ್ರಾಗಾರ ಇಂದು ಪಣಜಿಯಲ್ಲಿದೆ. ಲಿಸ್ಬನ್ನಿಗೂ ಗೋವಾಕ್ಕೂ ನಡುವೆ ಪ್ರತಿ ಹಡಗಿನ ಋತುವಿನಲ್ಲಿ ಓಡಾಡಿದ ಕಾಗದಗಳ ಸಂಪುಟಗಳು ಅಲ್ಲಿವೆ. ಅಂಥ ಕಡತಗಳನ್ನು ಓದಬಲ್ಲ ವಿದ್ವಾಂಸರು ಗೋವಾದಲ್ಲಿಯೇ ಇದ್ದಾರೆ. ಮಠದ ಹೆಂಗಸರ ಹೆಸರುಗಳು, ಅವರು ತಂದ ಹಣ, ಅವರ ಜಗಳಗಳು, ಅವರ ಬಿನ್ನಹಗಳು ಯಾವ ಕಾಗದದಲ್ಲಿ ಸಿಗುತ್ತವೆಯೋ ಅವನ್ನು ಒಂದೆಡೆ ತಂದು ಜನಸಾಮಾನ್ಯರ ಭಾಷೆಯಲ್ಲಿ ಹೇಳುವ ಕೆಲಸವನ್ನು ಸಂಗ್ರಹಾಲಯ ಕೈಗೆತ್ತಿಕೊಳ್ಳಬೇಕು. ಈ ದಿಸೆಯಲ್ಲಿ ಈಗಾಗಲೇ ಏನಾದರೂ ನಡೆದಿದ್ದರೆ ಅದನ್ನು ವಿಸ್ತರಿಸಿ ಎಂಬುದಷ್ಟೇ ನನ್ನ ಮಾತು.

ಅಡುಗೆಮನೆಯನ್ನೂ ಮರೆಯಬೇಡಿ. ಬಿಬಿಂಕಾ ಎಂಬ ಪದರಪದರದ ಸಿಹಿಯನ್ನು ಮೊದಲು ಮಾಡಿದವಳು ಸಾಂತಾ ಮೋನಿಕಾದ ಬಿಬಿಯಾನಾ ಎಂಬ ಕನ್ಯಾಸ್ತ್ರೀ ಎಂಬ ಐತಿಹ್ಯ ಗೋವಾದಲ್ಲಿ ಮನೆಮಾತು. ಐತಿಹ್ಯವನ್ನು ಐತಿಹ್ಯವೆಂದೇ ಹೇಳೋಣ. ಆದರೂ ಮೊಟ್ಟೆಯ ಹಳದಿ ಮತ್ತು ಸಕ್ಕರೆಯ ಪೋರ್ಚುಗೀಸ್ ಮಠದ ಪಾಕವಿದ್ಯೆಗೆ ಕೊಂಕಣದ ತೆಂಗಿನ ಹಾಲು ಬೆರೆತ ತಿಂಡಿಯ ಹುಟ್ಟನ್ನು ಜನ ಒಂದು ಮಠದ ಒಲೆಗೆ ಒಪ್ಪಿಸಿದ್ದಾರೆಂಬುದೇ ಆ ಅಡುಗೆಮನೆಯ ಸ್ಥಾನವನ್ನು ಹೇಳುತ್ತದೆ. 2023ರಲ್ಲಿ ಗೋವಾದ ಬಿಬಿಂಕಾಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಪಾತ್ರೆಯ ಕೆಳಗೂ ಮೇಲೂ ಕೆಂಡವಿಟ್ಟು ಒಂದೊಂದೇ ಪದರವನ್ನು ಬೇಯಿಸುತ್ತ ಗಂಟೆಗಟ್ಟಲೆ ಕೂರುತ್ತಿದ್ದವರು ಕಪ್ಪು ಮುಸುಕಿನವರೋ, ಬಿಳಿ ಮುಸುಕಿನವರೋ, ಅಥವಾ ಯಾವ ಮುಸುಕೂ ಇಲ್ಲದ ಆಳುಗಳೋ ಎಂದು ಆ ಜಾಗದಲ್ಲಿ ನಿಂತ ಶಾಲಾ ಹುಡುಗಿಯೊಬ್ಬಳು ಕೇಳುವಂತಾದರೆ, ನೀವು ತೆರೆದ ಬಾಗಿಲು ತನ್ನ ಕೆಲಸವನ್ನು ಮಾಡಿದೆ ಎಂದು ನಾನು ತಿಳಿಯುತ್ತೇನೆ.

ಹೀಗೆ ಮಾಡಿದ ಕಡೆಗಳು ಜಗತ್ತಿನಲ್ಲಿವೆ. ಪೋರ್ಚುಗಲ್ಲಿನ ಅವೆಯ್ರು ಪಟ್ಟಣದ ಯೇಸುವಿನ ಮಠ, ಸಾಂತಾ ಮೋನಿಕಾಕ್ಕೆ ಅನ್ವಯಿಸಿದ ಅದೇ ಕಾನೂನಿನಡಿ, ಅಲ್ಲಿನ ಕೊನೆಯ ಕನ್ಯಾಸ್ತ್ರೀಯ ಮರಣದೊಂದಿಗೆ 1874ರಲ್ಲಿ ಮುಚ್ಚಿತು, 1911ರಲ್ಲಿ ಸಂಗ್ರಹಾಲಯವಾಯಿತು. ಅಲ್ಲಿ ಬದುಕಿ ತೀರಿಕೊಂಡ ರಾಜಕುಮಾರಿ ಜೊವಾನಾಳ ಸಮಾಧಿಯೇ ಇಂದಿಗೂ ಆ ಸಂಗ್ರಹಾಲಯದ ಹೃದಯ. ಮೆಕ್ಸಿಕೊ ನಗರದ ಸಾನ್ ಹೆರೊನಿಮೊ ಮಠ 19ನೆಯ ಶತಮಾನದ ಸುಧಾರಣೆಯ ಕಾಯ್ದೆಗಳಿಂದ ಮುಚ್ಚಿಹೋಗಿ, ಸೈನಿಕರ ಬಿಡಾರವೂ ಆಗಿ, ಪಾಳುಬಿದ್ದು, 1970ರ ದಶಕದ ಉತ್ಖನನದ ಬಳಿಕ ವಿಶ್ವವಿದ್ಯಾಲಯವಾಯಿತು. 1695ರಲ್ಲಿ ಅಲ್ಲಿಯೇ ತೀರಿಕೊಂಡ ಕವಯಿತ್ರಿ ಸೋರ್ ಹುವಾನಾಳ ಒಳಾಂಗಣವೆಂದೇ ಆ ವಿಶ್ವವಿದ್ಯಾಲಯಕ್ಕೆ ಹೆಸರು. ಓದುವ ಹಕ್ಕಿಗಾಗಿ ಹೋರಾಡಿದ ಹೆಂಗಸಿನ ಮನೆಯಲ್ಲಿ ಇಂದು ಹುಡುಗ ಹುಡುಗಿಯರು ಓದುತ್ತಿದ್ದಾರೆ. ಸಾಂತಾ ಮೋನಿಕಾದಿಂದ ಸೋರ್ ಹುವಾನಾಳಷ್ಟು ಹೆಸರಾದ ಕವಯಿತ್ರಿ ಹೊರಬಂದಿಲ್ಲ. ಹೆಸರಾಗದ ನೂರಾರು ಮಂದಿಯ ಮನೆಗೆ ಇಷ್ಟೇ ಮರ್ಯಾದೆ ಸಲ್ಲಬಾರದೆಂದೇನೂ ಇಲ್ಲ.

ಇನ್ನು ಕಟ್ಟಡದ ಮೈಯ ಕುರಿತು ಒಂದೆರಡು ಮಾತು. ಮುರಕಲ್ಲು ಕರಾವಳಿಯ ನಮಗೆಲ್ಲ ಪರಿಚಿತ. ನೆಲದಿಂದ ಕಡಿದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ, ಆದರೆ ಮೈತುಂಬ ರಂಧ್ರಗಳಿರುವ ಈ ಕಲ್ಲಿಗೆ ಸುಣ್ಣದ ಗಾರೆಯೇ ಚರ್ಮ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಆ ಚರ್ಮ ಸುಲಿದರೆ ಏನಾಗುತ್ತದೆಂಬುದಕ್ಕೆ ಬೋಂ ಜೆಸು ಬಸಿಲಿಕ ಸಾಕ್ಷಿಯಾಗಿ ನಿಂತಿದೆ: ಪೋರ್ಚುಗೀಸ್ ವಾಸ್ತುಶಿಲ್ಪಿ ಬಾಲ್ತಜಾರ್ ಕಾಸ್ತ್ರು 1950ರ ದಶಕದಲ್ಲಿ ಅದರ ಹೊರಗೋಡೆಯ ಗಾರೆಯನ್ನು ತೆಗೆಸಿದರು, ಅಂದಿನಿಂದ ಬೆತ್ತಲೆಯಾದ ಕಲ್ಲು ಪ್ರತಿ ಮಳೆಗಾಲದಲ್ಲಿ ಸವೆಯುತ್ತಿದೆ. ಕೆಂಪು ಕಲ್ಲಿನ ಆ ಚೆಲುವನ್ನು ಮೆಚ್ಚಿ ಚಿತ್ರ ತೆಗೆದುಕೊಳ್ಳುವ ಪ್ರವಾಸಿಗರಿಗೆ ಅದು ಗಾಯವೆಂದು ತಿಳಿಯುವುದಿಲ್ಲ. ಸಾಂತಾ ಮೋನಿಕಾದ ಒಳಾಂಗಣದ ಕಂಬ, ಕಮಾನು, ಗೋಡೆಗಳಿಗೆ ಮುಂದೆ ಯಾವ ದುರಸ್ತಿ ನಡೆದರೂ ಸಿಮೆಂಟಿನ ಪೂಸು ಒಳಗಿನ ತೇವವನ್ನು ಹಿಡಿದಿಟ್ಟು ಕಲ್ಲನ್ನು ಕೊಳೆಸದಂತೆ, ಸುಣ್ಣದ ಕೆಲಸ ಬಲ್ಲ ಗಾರೆಯವರ ಕೈಯಿಂದಲೇ ನಡೆಯಲಿ. ಅಂಥ ಕೈಗಳು ಗೋವಾದಲ್ಲಿಯೂ ನಮ್ಮ ಕರಾವಳಿಯಲ್ಲಿಯೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ದುರಸ್ತಿಯ ಕೆಲಸವನ್ನೇ ತರುಣರಿಗೆ ಕಲಿಕೆಯ ಶಿಬಿರವಾಗಿ ಮಾಡಿದರೆ ಒಳಾಂಗಣಕ್ಕೆ ಇನ್ನೊಂದು ಸಾರ್ವಜನಿಕ ಬಳಕೆಯೂ ಒದಗುತ್ತದೆ.

ಬಳಕೆಗೆ ಮಿತಿಯೂ ಬೇಕು. ಇಂಥ ಜಾಗಗಳ ನಿರ್ವಹಣೆಗೆ ಹಣ ಬೇಕೆಂಬುದು ನನಗೆ ಗೊತ್ತಿದೆ. ಹಳೆಯ ಮಠಗಳನ್ನು ಔತಣಕ್ಕೆ, ಮದುವೆಯ ಚಿತ್ರೀಕರಣಕ್ಕೆ, ಸಂಗೀತದ ಅಬ್ಬರಕ್ಕೆ ಬಾಡಿಗೆಗೆ ಕೊಡುವ ವಾಡಿಕೆ ಹಲವು ದೇಶಗಳಲ್ಲಿ ಬೆಳೆದಿದೆ ಎಂಬುದೂ ಗೊತ್ತಿದೆ. ಸಾಂತಾ ಮೋನಿಕಾದ ಒಳಾಂಗಣ ಆ ದಾರಿಗೆ ಬೀಳಬಾರದೆಂದು ಕೈಮುಗಿದು ಕೇಳುತ್ತೇನೆ. ಅಲ್ಲಿ ಹಳೆಯ ಪ್ರಾರ್ಥನಾ ಗಾಯನ ಕೇಳಿಬರಲಿ, ಉಪನ್ಯಾಸ ನಡೆಯಲಿ, ಗೋವಾದ ಕೊಂಕಣಿ ಹಾಡಾದ ಮಾಂದೊ ಹಾಡಲಿ, ಮಕ್ಕಳು ಚಿತ್ರ ಬರೆಯಲಿ, ಓದುವವರು ಮೂಲೆಯಲ್ಲಿ ಕುಳಿತು ಓದಲಿ. ಹಗಲು ಬೆಳಕಿನಲ್ಲಿ, ಕಡಿಮೆ ಸದ್ದಿನಲ್ಲಿ, ಕಂಬಕ್ಕೆ ಮೊಳೆ ಹೊಡೆಯದೆ ಮಾಡಬಹುದಾದ ಕೆಲಸಗಳು ಬೇಕಾದಷ್ಟಿವೆ.

ಕಟ್ಟಡದ ದೊಡ್ಡ ಭಾಗದಲ್ಲಿ ಇಂದಿಗೂ ಭಗಿನಿಯರ ಸಂಸ್ಥೆಯಿರುವುದನ್ನು ಮರೆತು ನಾನು ಇದನ್ನೆಲ್ಲ ಕೇಳುತ್ತಿಲ್ಲ. ಅವರ ಓದು, ಪ್ರಾರ್ಥನೆ, ಏಕಾಂತಗಳು ನಮ್ಮ ಕುತೂಹಲಕ್ಕೆ ಬಲಿಯಾಗಬಾರದು. ಆದ್ದರಿಂದ ಒಳಾಂಗಣವನ್ನು ದಿನವಿಡೀ ತೆರೆದಿಡಿ ಎಂದು ನಾನು ಹೇಳುವುದಿಲ್ಲ. ವಾರದ ಕೆಲವು ಗೊತ್ತಾದ ಹೊತ್ತುಗಳಲ್ಲಿ, ಸಣ್ಣ ಗುಂಪುಗಳಲ್ಲಿ, ತಿಳಿದವರೊಬ್ಬರ ಜೊತೆಯಲ್ಲಿ ನೋಡುವ ವ್ಯವಸ್ಥೆ ಸಾಕು. ಆ ತಿಳಿದವರು ಭಗಿನಿಯರಲ್ಲಿಯೇ ಒಬ್ಬರಾದರೆ ಇನ್ನೂ ಒಳ್ಳೆಯದು. ಹಳೆಯ ಕನ್ಯಾಸ್ತ್ರೀಯರ ಬದುಕನ್ನು ವಿವರಿಸಲು ಅದೇ ವ್ರತವನ್ನು ಬೇರೆ ಕಾಲದಲ್ಲಿ, ಬೇರೆ ಸ್ವಾತಂತ್ರ್ಯದೊಂದಿಗೆ ಹೊತ್ತ ಇಂದಿನ ಭಗಿನಿಯರಿಗಿಂತ ಹೆಚ್ಚಿನ ಅಧಿಕಾರ ಯಾರಿಗಿದೆ?

ಈಗ ನಮ್ಮ ಭಾಷೆಯ ಬೇಡಿಕೆ. ಗೋವಾದಲ್ಲಿ ಕೊಂಕಣಿಯನ್ನು ದೇವನಾಗರಿಯಲ್ಲಿ, ರೋಮನ್ ಲಿಪಿಯಲ್ಲಿ ಬರೆಯುತ್ತಾರೆ. ಕರ್ನಾಟಕದ ಕ್ರೈಸ್ತರು ಅದೇ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಮಂಗಳೂರಿನ ‘ರಾಕ್ಣೊ’ ವಾರಪತ್ರಿಕೆ 1938ರಿಂದ ಕನ್ನಡ ಲಿಪಿಯಲ್ಲಿಯೇ ನಡೆದುಬಂದಿದೆ. ನಮ್ಮ ಅಜ್ಜಿಯರಲ್ಲಿ ಎಷ್ಟೋ ಮಂದಿಗೆ ಓದಲು ಬರುವುದು ಆ ಲಿಪಿಯೊಂದೇ. ಸಂತ ಫ್ರಾನ್ಸಿಸ್ ಕ್ಸೇವಿಯರರ ಪಾರ್ಥಿವ ಅವಶೇಷಗಳ ದರ್ಶನಕ್ಕೆ ಹತ್ತು ವರ್ಷಗಳಿಗೊಮ್ಮೆ ಮಂಗಳೂರು, ಉಡುಪಿ, ಕಾರವಾರಗಳಿಂದ ಬಸ್ಸು ಕಟ್ಟಿಕೊಂಡು ಬರುವವರಲ್ಲಿ ಅವರೇ ಹೆಚ್ಚು. ಬಸಿಲಿಕ, ಸೇ ಕ್ಯಾಥೆಡ್ರಲ್ ನೋಡಿ, ಬಿಸಿಲಿಗೆ ಬಸವಳಿದು ಬಸ್ಸಿನ ಕಡೆಗೆ ಮರಳುತ್ತಾರೆ. ಗುಡ್ಡ ಹತ್ತಿ ಸಾಂತಾ ಮೋನಿಕಾಕ್ಕೆ ಬರುವವರು ಕಡಿಮೆ. ಅವರಿಗೆ ಓದಲು ಬರುವ ಲಿಪಿಯಲ್ಲಿ, ಕೊಂಕಣಿಯಲ್ಲಿ ಹಾಗೂ ಕನ್ನಡದಲ್ಲಿ, ನಾಲ್ಕು ಪುಟದ ಒಂದು ಕೈಪಿಡಿ ಇರಲಿ. ಬಸಿಲಿಕದ ಬಳಿಯೇ ಸಾಂತಾ ಮೋನಿಕಾಕ್ಕೆ ದಾರಿ ತೋರುವ ಫಲಕ ಕನ್ನಡದಲ್ಲಿಯೂ ಇರಲಿ. ಮರಾಠಿ ಓದುಗರಿಗೂ ಇದೇ ಅನುಕೂಲವಾಗಲಿ. ಅನುವಾದದ ಕೆಲಸವನ್ನು ಸಂಭಾವನೆಯಿಲ್ಲದೆ ಮಾಡಿಕೊಡಲು ನಾನು ಸಿದ್ಧಳಿದ್ದೇನೆ, ಹಾಗೆಯೇ ಸಿದ್ಧರಿರುವ ಹಲವರು ನಮ್ಮ ಕಡೆ ಇದ್ದಾರೆಂಬ ಭರವಸೆಯಿದೆ.

ಹಿಂದಿನ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ವಾಡಿಕೆಯಂತೆ ಮುಂದಿನದು 2034ರಲ್ಲಿ. ಪತ್ರಾಗಾರದ ಹುಡುಕಾಟಕ್ಕೂ, ಸುಣ್ಣದ ದುರಸ್ತಿಗೂ, ಭಗಿನಿಯರೊಂದಿಗೆ ಮಾತುಕತೆ ನಡೆಸಿ ನಡೆದಾಟದ ದಾರಿಯನ್ನು ಗೊತ್ತುಮಾಡುವುದಕ್ಕೂ ಇದು ಸಾಕಷ್ಟು ಸಮಯ. ಆದರೆ ಎಲ್ಲವನ್ನೂ ಆ ವರ್ಷಕ್ಕೆ ತಳ್ಳಿಡಬೇಡಿ. ಕೈಪಿಡಿ, ಫಲಕಗಳು ಕಡಿಮೆ ಖರ್ಚಿನವು; ಕೊನೆಯ ಕನ್ಯಾಸ್ತ್ರೀ ತೀರಿಕೊಂಡ 1885ನೆಯ ಇಸವಿಯನ್ನೂ, ಅವಳ ಕಾಲದವರು ಈ ಕಟ್ಟಡವನ್ನು ಉಳಿಸಿದ ಬಗೆಯನ್ನೂ ಹೇಳುವ ಒಂದು ಫಲಕವನ್ನು ಪ್ರವೇಶದ ಬಳಿ ಈ ವರ್ಷವೇ ನಿಲ್ಲಿಸಬಹುದು. ಪುರಾತತ್ವ ಇಲಾಖೆಯವರು ಬರುವ ಮಳೆಗಾಲಕ್ಕೆ ಮುಂಚೆ ಒಳಾಂಗಣದ ಗೋಡೆಗಳ ತೇವ, ಹಂಚಿನ ಸ್ಥಿತಿ, ನೀರಿನ ಹರಿವುಗಳನ್ನು ಪರೀಕ್ಷಿಸಿ ಅದರ ವರದಿಯನ್ನು ಸಾರ್ವಜನಿಕರಿಗೆ ಸಿಗುವಂತೆ ಪ್ರಕಟಿಸಬೇಕೆಂದೂ, ಮಹಾಧರ್ಮಪ್ರಾಂತ್ಯ ಹಾಗೂ ಸಂಗ್ರಹಾಲಯದವರು ಇಲ್ಲಿ ಕೇಳಿರುವ ವಿಷಯಗಳಲ್ಲಿ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬುದನ್ನು ಕಾರಣಸಹಿತ ತಿಳಿಸಬೇಕೆಂದೂ ಕೋರುತ್ತೇನೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ಮಂಗಳೂರು ಸೀಮೆಯ ಒಬ್ಬ ಓದುಗಿತ್ತಿ